ಅಮೀರ್‌ಬಾಯಿ ಕರ್ನಾಟಕಿ: ‘ರತನ್’ನಲ್ಲಿ ಅವರ ಹಾಡು ಯಾವುದು?

ಹಾಡಿನಪಟ್ಟಿ:
ಅಮೀರ್‌ಬಾಯಿ ಹಾಡುಗಳನ್ನೆಲ್ಲ ಒಂದೆಡೆ ಜೋಡಿಸ್ತಾ ಇದೀನಿ. ಯೂಟ್ಯೂಬ್‌ನಲ್ಲಿ ‘ರತನ್’ ಅನ್ನೋ ಹಿಂದಿ ಸಿನಿಮಾದ (1944) ಹಾಡುಗಳಿಗೆ ಒಬ್ಬೊಬ್ಬರು ಒಬ್ಬೊಬ್ಬ ಗಾಯಕಿಯ ಹೆಸರು ಹಾಕಿದಾರೆ. ಒಂದೇ ಹಾಡು ಎರಡು ಕಡೆ ಎರಡು ಶ್ರುತೀಲಿದೆ. ಅಮೀರ್‌ಬಾಯಿ ಅವರನ್ನ ನಟಿ ಅಂತ ಬರೀಬೇಕಾ, ಹಿನ್ನೆಲೆ ಗಾಯಕಿ ಅಂತಲಾ? ಒಂದು 78ರ ತಟ್ಟೆಗೆ (ನಿಮಿಷಕ್ಕೆ 78 ಸುತ್ತು ತಿರುಗೋ ಹಳೇ ಗ್ರಾಮೋಫೋನ್ ರೆಕಾರ್ಡು) ಧೂಳು ಹಿಡಿದಿದೆ, ಸ್ಪಿರಿಟ್‌ನಲ್ಲಿ ಒರೆಸಬಹುದಾ?

ಕಪ್ಪುತಟ್ಟೆ:
ಮೊದಲು ಆ ಸ್ಪಿರಿಟ್ ಬಾಟ್ಲಿ ದೂರ ಇಡಿ. 78ರ ತಟ್ಟೆ ಅರಗಿನದು, ಸ್ಪಿರಿಟ್ ತಾಗಿದ್ರೆ ಕರಗುತ್ತೆ. ಗೆರೆ ಹೋದ್ರೆ ಹಾಡೂ ಹೋಯ್ತು. ತಣ್ಣೀರಿಗೆ ಒಂದೆರಡು ಹನಿ ಪಾತ್ರೆ ತೊಳೆಯೋ ಲಿಕ್ವಿಡ್, ಮೆತ್ತನೆ ಬ್ರಷ್, ಗೆರೆ ಸುತ್ತಿದ ದಿಕ್ಕಿಗೇ ಉಜ್ಜಿ. ಲೇಬಲ್ ನೆನೆಯಬಾರದು. ಬಿಸಿಲಿಗಿಟ್ರೆ ಸೊಟ್ಟಗಾಗುತ್ತೆ, ನೆರಳಲ್ಲೇ ಒಣಗಲಿ.

ಎಲ್‌ಪಿ (ಆಮೇಲಿನ ಕಾಲದ ವಿನೈಲ್ ರೆಕಾರ್ಡು) ಸೂಜಿ ಹಾಕಬೇಡಿ. ಅದರ ತುದಿ ಸುಮಾರು 0.7 ಮಿಲ್ (ಮಿಲ್ ಅಂದ್ರೆ ಇಂಚಿನ ಸಾವಿರದ ಒಂದು ಭಾಗ), 78ಕ್ಕೆ 3 ಮಿಲ್ ಬೇಕು. ಸಣ್ಣದು ಗೆರೆಯ ತಳಕ್ಕಿಳಿದು ಕಸ ಕೆರೀತಾ ಹೋಗುತ್ತೆ, ಬರೀ ಸರಪರ ಸದ್ದು.

ಶ್ರುತಿ ಬದಲಾಗಿದ್ದು ವೇಗದಿಂದ. ತಟ್ಟೆ ಶೇ. 6ರಷ್ಟು ಜೋರಾಗಿ ತಿರುಗಿದ್ರೆ ಹಾಡು ಹಾರ್ಮೋನಿಯಂನಲ್ಲಿ ಒಂದು ಮನೆ ಮೇಲೇರುತ್ತೆ. 200 ಸೆಕೆಂಡಿನ ಹಾಡು 189ಕ್ಕೇ ಮುಗಿಯುತ್ತೆ. ಎರಡೂ ಅಪ್‌ಲೋಡ್‌ಗಳ ಅವಧಿ ಹೋಲಿಸಿ, ಗೊತ್ತಾಗುತ್ತೆ. ಹಾಗಂತ ಸಿನಿಮಾ ಡಿವಿಡಿಯನ್ನೂ ಕಣ್ಮುಚ್ಚಿ ನಂಬಬೇಡಿ. ಸೆಕೆಂಡಿಗೆ 24 ಫ್ರೇಮಿನ ಚಿತ್ರವನ್ನ ಟಿವಿಗೋಸ್ಕರ 25ಕ್ಕೆ ಓಡಿಸಿದ್ರೆ ಅಲ್ಲೂ ಶೇ. 4 ಏರಿರುತ್ತೆ.

ಬೀಳಗಿ ಕಡೆಯವ:
‘ಮಿಲ್ ಕೆ ಬಿಛಡ್ ಗಯೀ ಅಖಿಯಾಂ’ ಅಮೀರ್‌ಬಾಯಿ ಅವರದ್ರೀ. ‘ಅಖಿಯಾಂ ಮಿಲಾಕೆ’ ಹಾಡಿದವರು ಜೊಹ್ರಾಬಾಯಿ ಅಂಬಾಲೇವಾಲಿ. ಎರಡರಾಗೂ ‘ಅಖಿಯಾಂ’, ಎರಡಕ್ಕೂ ನೌಷಾದ್ ಸಂಗೀತ, ಹೆಸರು ಅದಲುಬದಲ್ ಆಗೂದು ಇಲ್ಲೇ. ಬೆನ್ನಿಗೆ ಬೆನ್ನು ಹಚ್ಚಿ ಕೇಳ್ರಿ: ಜೊಹ್ರಾಬಾಯಿ ದನಿ ಭಾರ, ಎದಿಯಿಂದ ಬರ್ತದ. ಅಮೀರ್‌ಬಾಯಿದು ಅದಕ್ಕಿಂತ ತೆಳು, ಹರಿತ. ‘ಓ ಜಾನೇವಾಲೆ ಬಾಲಮ್‌ವಾ’ದಾಗ ಶ್ಯಾಮ್ ಕುಮಾರ್ ಜೊತಿಗೆ ಹಾಡಿದವರೂ ಅಮೀರ್‌ಬಾಯಿನೇ.

ನಟಿನೋ ಗಾಯಕಿನೋ ಅಂತ ಒಂದನ್ನೇ ಹಿಡೀಬ್ಯಾಡ್ರಿ. 1934ರ ‘ವಿಷ್ಣುಭಕ್ತಿ’ಯಿಂದ ತೆರಿ ಮ್ಯಾಲೆ ಬಂದವರು. 1940ರ ‘ನರಸೀ ಭಗತ್’ದಾಗ ‘ವೈಷ್ಣವ ಜನತೋ’ಕ್ಕ ಅವರ ದನಿ ಐತಿ. 1943ರ ‘ಕಿಸ್ಮತ್’ದಾಗ ತೆರಿ ಮ್ಯಾಲೆ ಮುಮ್ತಾಜ್ ಶಾಂತಿ, ದನಿ ಇವರದು, ಸಂಗೀತ ಅನಿಲ್ ಬಿಸ್ವಾಸ್. ‘ದೂರ್ ಹಟೋ’ ಖಾನ್ ಮಸ್ತಾನಾ ಜೊತಿ ಹಾಡಿದ್ದು, ಪಟ್ಟಿ ಮಾಡೂವಾಗ ಆ ಹೆಸರು ಬಿಡಬ್ಯಾಡ್ರಿ. 1948ರಾಗ ‘ಶಹನಾಜ್’ಕ್ಕ ಸಂಗೀತಾನೂ ಕೊಟ್ಟಾರ; ಇದನ್ನ ಭಾಳ ಮಂದಿ ಮರೀತಾರ. ಲತಾ ಕಾಲ ಶುರು ಆದಮ್ಯಾಲೆ ಹಾಡು ಕಡಿಮಿ ಆಗಿ ಪೋಷಕ ಪಾತ್ರಕ್ಕ ಹೊಳ್ಳಿದ್ರು. ತೀರಿಕೊಂಡದ್ದು 1965ರಾಗ.

ಹಾಡಿನಪಟ್ಟಿ:
ಹಾಗಾದ್ರೆ ಬರೀ ‘ಕರ್ನಾಟಕಿ’ ಅಂತಿರೋದನ್ನೂ ಅವರ ಹೆಸರಿಗೇ ಸೇರಿಸಲಾ?

ಬೀಳಗಿ ಕಡೆಯವ:
ಬ್ಯಾಡ್ರಿ. ಅವರ ಅಕ್ಕ ಗೌಹರ್‌ಬಾಯಿನೂ ‘ಕರ್ನಾಟಕಿ’ನೇ, ಮರಾಠಿ ರಂಗನಟ ಬಾಲಗಂಧರ್ವರ ನಾಟಕ ಮಂಡಳಿಯವರು. ಲೇಬಲ್ ಮ್ಯಾಲಿನ ಮೊದಲ ಹೆಸರು ಕಾಣದಿದ್ರ ಬ್ಯಾರೆ ಕಾಲಮ್‌ದಾಗ ಇಟ್ಟುಬಿಡ್ರಿ.