ಗೇರ್‌ಬಾಕ್ಸ್ ಉದ್ದ ಬಂತು, ಜಾಯಿಂಟ್ ಶಾಫ್ಟ್ ಯಾವ ಕಡೆ ಕತ್ತರಿಸಬೇಕು?

ಪ್ರಶ್ನೆ: ಸರ್, ಮಿನಿ ಲಾರಿಗೆ ಬೇರೆ ಡೀಸೆಲ್ ಎಂಜಿನ್ ಕೂರಿಸ್ತಾ ಇದ್ದೀವಿ. ಅದರ ಐದು ಗೇರಿನ ಬಾಕ್ಸ್ ಹಳೇದಕ್ಕಿಂತ 70 ಮಿ.ಮೀ. ಉದ್ದ. ಮೌಂಟಿಂಗ್ ತೂತು ಹಳೇ ಕ್ರಾಸ್ ಮೆಂಬರ್‌ಗಿಂತ (ಬಾಕ್ಸ್ ಹೊರುವ ಚಾಸಿಯ ಅಡ್ಡಪಟ್ಟಿ) 55 ಮಿ.ಮೀ. ಹಿಂದೆ ಬೀಳುತ್ತೆ. ಬಾಕ್ಸಿನಿಂದ ಹಿಂದಿನ ಚಕ್ರದ ಕಡೆಗೆ ಶಕ್ತಿ ಒಯ್ಯೋ ಜಾಯಿಂಟ್ ಶಾಫ್ಟ್ ಎರಡು ತುಂಡಿನದು, ನಡುವೆ ಅದನ್ನು ಚಾಸಿಗೆ ಹಿಡಿದಿಡೋ ಸೆಂಟರ್ ಬೇರಿಂಗ್. ಲೇತ್‌ನವರು ಹಿಂದಿನ ಶಾಫ್ಟನ್ನೇ 70 ಕತ್ತರಿಸೋಣ ಅಂತಾರೆ. ಸರೀನಾ?

ಉತ್ತರ: ಬೇಡ. ಹಿಂದಿನದು ಗಿಡ್ಡವಾದರೆ ಸೆಂಟರ್ ಬೇರಿಂಗನ್ನೂ ಹಿಂದಕ್ಕೆ ಸರಿಸಬೇಕು, ಚಾಸಿಗೆ ಹೊಸ ತೂತು ಹೊಡೆಯಬೇಕು. ಮುಂದಿನ ತುಂಡನ್ನು ಗಿಡ್ಡ ಮಾಡಿ. ಆದರೆ ಅದರಲ್ಲಿ ಸಾಮಾನ್ಯವಾಗಿ ಸ್ಲಿಪ್ (ಉದ್ದ ಹೆಚ್ಚು ಕಡಿಮೆಯಾಗಲು ಬಿಡುವ, ಜಾರುವ ಜೋಡಣೆ) ಇರಲ್ಲ, ಐದಾರು ಮಿ.ಮೀ. ತಪ್ಪಿದರೂ ಬೇರಿಂಗಿನ ರಬ್ಬರ್ ಒಂದೇ ಕಡೆಗೆ ಎಳೆದುಕೊಂಡು ಬೇಗ ಹರಿಯುತ್ತೆ. ಅದಕ್ಕೇ ಗೇರ್‌ಬಾಕ್ಸ್ ಉದ್ದದ ಲೆಕ್ಕ ನಂಬಬೇಡಿ. ಎಂಜಿನ್ನೇ ಹಳೇದು ಕೂತ ಜಾಗದಲ್ಲಿ ಕೂತಿಲ್ಲದಿರಬಹುದು. ಮೌಂಟಿಂಗ್ ಪೂರ್ತಿ ಮುಗಿದ ಮೇಲೆ, ಗಾಡಿ ಚಕ್ರದ ಮೇಲೆ ನಿಂತಿರುವಾಗ, ಫ್ಲ್ಯಾಂಜ್‌ನಿಂದ ಫ್ಲ್ಯಾಂಜ್‌ಗೆ (ಬೋಲ್ಟ್ ಹಾಕಿ ಜೋಡಿಸುವ ಚಪ್ಪಟೆ ಮುಖ) ಅಳೆದು ಆ ಅಳತೆಯನ್ನು ಲೇತ್‌ಗೆ ಕೊಡಿ.

ಈಗ ಮೌಂಟಿಂಗ್. ಎಂಜಿನ್ ಮುಂದಿನ ಮೌಂಟಿಂಗ್ ಬೋಲ್ಟ್‌ಗಳನ್ನು ಸಡಿಲ ಬಿಟ್ಟು, ಬಾಕ್ಸನ್ನು ಜಾಕ್ ಮೇಲೆ ನಿಲ್ಲಿಸಿ. ಆಂಗಲ್ ಗೇಜ್ ಇಟ್ಟು ನೋಡುತ್ತಾ ಬಾಕ್ಸಿನ ಹಿಂಭಾಗವನ್ನು ಏರಿಸಿ ಇಳಿಸಿ, ಮುಂದಿನ ಶಾಫ್ಟ್‌ಗೂ ಬಾಕ್ಸ್‌ಗೂ ನಡುವಿನ ಕೋನವನ್ನು ಅರ್ಧದಿಂದ ಒಂದೂವರೆ ಡಿಗ್ರಿಯೊಳಗೆ ತನ್ನಿ. ಸೊನ್ನೆಯೂ ಒಳ್ಳೆಯದಲ್ಲ, ಕ್ರಾಸ್‌ನ (ಶಾಫ್ಟಿನ ಜಾಯಿಂಟ್‌ನೊಳಗಿನ ಕೂಡುಗುರುತಿನ ಆಕಾರದ ತುಂಡು) ಸೂಜಿ ಬೇರಿಂಗ್ ಉರುಳದೆ ಒಂದೇ ಜಾಗದಲ್ಲಿ ಗುಳಿ ಬೀಳುತ್ತೆ. ಹಿಂದಿನ ಶಾಫ್ಟಿನ ಎರಡೂ ತುದಿಯ ಕೋನ ಒಂದಕ್ಕೊಂದು ಸಮ ಇರಬೇಕು, ವ್ಯತ್ಯಾಸ ಒಂದು ಡಿಗ್ರಿ ಮೀರಬಾರದು. ಶಾಫ್ಟ್ ನಿಮಿಷಕ್ಕೆ 3000 ಸುತ್ತು ತಿರುಗುವುದಾದರೆ ಆ ಕೋನ ಆರು ಡಿಗ್ರಿ ದಾಟದಿರಲಿ.

ಕೋನ ಸಿಕ್ಕಿದ ಮೇಲೇ ಕ್ರಾಸ್ ಮೆಂಬರ್‌ನ ಅಳತೆ. ಚಾಸಿಯ ಮೇಲಿನ, ಕೆಳಗಿನ ಅಂಚಿಗೆ ತೂತೂ ಬೇಡ, ವೆಲ್ಡಿಂಗೂ ಬೇಡ, ಬಿರುಕು ಶುರುವಾಗೋದೇ ಅಲ್ಲಿ. ಚಾಸಿ ಪಟ್ಟಿಯ ನಿಂತ ಗೋಡೆಗೆ ತೂತು ಹೊಡೆದು 10.9 ಗ್ರೇಡ್ ಬೋಲ್ಟ್ ಹಾಕಿ. ಮೌಂಟಿಂಗ್ ಬೋಲ್ಟ್ ಕೈಯಲ್ಲೇ ತಿರುಗಿ ಇಳಿಯಬೇಕು. ಸಬ್ಬಲ್ ಹಾಕಿ ಎಳೆದು ಕೂರಿಸಿದರೆ ರಬ್ಬರ್ ಮೊದಲ ದಿನದಿಂದಲೇ ಓರೆಯಾಗಿರುತ್ತೆ.

ಪ್ರಶ್ನೆ: ರಬ್ಬರ್ ಬಿಟ್ಟು ದಪ್ಪ ಪಟ್ಟಿ ಇಟ್ಟು ಬಿಗಿದುಬಿಟ್ಟರೆ ಆಗಲ್ವಾ ಸರ್? ಪದೇ ಪದೇ ರಬ್ಬರ್ ಬದಲಿಸೋ ತಲೆನೋವು ಇರಲ್ಲ.

ಉತ್ತರ: ಲೋಡ್ ಗಾಡಿ ಹಳ್ಳಕ್ಕೆ ಇಳಿದಾಗ ಚಾಸಿ ತಿರುಚಿಕೊಳ್ಳುತ್ತೆ. ರಬ್ಬರ್ ಇಲ್ಲದಿದ್ದರೆ ಆ ಬಲ ನೇರ ಗೇರ್‌ಬಾಕ್ಸಿನ ಅಲ್ಯುಮಿನಿಯಂ ಮೌಂಟಿಂಗ್ ಕಿವಿಗೆ. ಕಿವಿ ಮುರಿದರೆ ಹತ್ತು ರಬ್ಬರ್‌ಗಿಂತ ದುಬಾರಿ. ಇನ್ನೊಂದು, ಎಂಜಿನ್‌ನಿಂದ ಚಾಸಿಗೆ ಅರ್ತ್ ಪಟ್ಟಿ ಮರೆಯಬೇಡಿ. ಮರೆತರೆ ಸ್ಟಾರ್ಟರ್ ಕರೆಂಟು ಕ್ಲಚ್ ಕೇಬಲ್, ಗೇರ್ ಕೇಬಲ್ ಹಿಡಿದು ಹೋಗಿ ಅದನ್ನೇ ಸುಡುತ್ತೆ.

ಇನ್ನೊಬ್ಬ ಸದಸ್ಯರು: ನಮ್ಮದೂ ಇದೇ ಕೆಲಸ ಆಗಿದೆ. ಕಡಿಮೆ ವೇಗದಲ್ಲಿ ಏನೂ ಇಲ್ಲ, 50 ದಾಟಿದರೆ ಕ್ಯಾಬಿನ್ ಪೂರ್ತಿ ಗುಂಯ್ ಅನ್ನುತ್ತೆ.

ಉತ್ತರ: ಅದೇ ವೇಗದಲ್ಲಿ ನ್ಯೂಟ್ರಲ್‌ಗೆ ತಂದು, ಎಂಜಿನ್ ಆಫ್ ಮಾಡದೆ, ಸ್ವಲ್ಪ ದೂರ ಉರುಳಲು ಬಿಡಿ. ಶಬ್ದ ನಿಂತರೆ ಎಂಜಿನ್ ಮೌಂಟಿಂಗ್ ನೋಡಿ. ಹಾಗೇ ಇದ್ದರೆ ಮೊದಲ ಅನುಮಾನ ಶಾಫ್ಟ್ ಮೇಲೆ. ಹಿಂದಿನ ಶಾಫ್ಟಿನ ಎರಡು ತುದಿಯ ಯೋಕ್‌ಗಳ (ಕ್ರಾಸ್ ಹಿಡಿಯುವ ಕವೆ) ಕಿವಿ ಒಂದೇ ಸಾಲಿನಲ್ಲಿವೆಯೇ? ಸ್ಲಿಪ್ ಕಳಚಿ ಮತ್ತೆ ಹಾಕುವಾಗ ಬಾಣದ ಗುರುತು ನೋಡದೆ ಒಂದು ಹಲ್ಲು ಆಚೀಚೆ ಕೂರಿಸಿದರೂ ಪ್ರತಿ ಸುತ್ತಿಗೆ ಎರಡು ಸಲ ಜಗ್ಗುತ್ತೆ. ಅದು ಸರಿಯಿದ್ದರೆ, ಕತ್ತರಿಸಿ ವೆಲ್ಡ್ ಮಾಡಿದ ಮೇಲೆ ಬ್ಯಾಲೆನ್ಸಿಂಗ್ ಮಾಡಿಸಿದ್ದಾರಾ ಕೇಳಿ, ಡಯಲ್ ಗೇಜ್‌ನಲ್ಲಿ ಶಾಫ್ಟ್ ಕೊಳವೆಯ ಓಟ (ತಿರುಗುವಾಗ ಓಲಾಡುವ ಪ್ರಮಾಣ) ಅರ್ಧ ಮಿ.ಮೀ. ಒಳಗಿರಲಿ. ಹಿಂದಿನ ಚಕ್ರ ಎತ್ತಿ ಗೇರ್ ಹಾಕಿ ಓಡಿಸಿ ಪರೀಕ್ಷೆ ಮಾಡಲು ಹೋಗಬೇಡಿ. ಅಪಾಯ ಒಂದು ಕಡೆ, ಚಾಸಿ ಎತ್ತಿ ಹಿಂದಿನ ಆಕ್ಸಲ್ ಹೌಸಿಂಗ್ ಜೋತುಬಿದ್ದಾಗ ಕೋನವೇ ಬೇರೆ, ಇಲ್ಲದ ಶಬ್ದವೂ ಕೇಳುತ್ತೆ.