ಗ್ಲೂಕಾನ್ 186, ಗ್ಯಾಲಕ್ಟೋಮ್ಯಾನನ್ 0.6, ಕಲ್ಚರ್ ಖಾಲಿ: ನಾಳೆ ಬ್ರಾಂಕೋಸ್ಕೋಪಿಯಲ್ಲಿ ಏನೇನು ಕಳಿಸಬೇಕು?

ಐಸಿಯು_ಜೂನಿಯರ್, ಬೆಂಗಳೂರು

ನಮ್ಮ ಐಸಿಯು ರೋಗಿ: ಸಕ್ಕರೆ ಕಾಯಿಲೆ, ವಾರಕ್ಕೆ ಮೂರು ಡಯಾಲಿಸಿಸ್, ಮೂರು ವಾರದಿಂದ ಸ್ಟೀರಾಯ್ಡ್, ಕುತ್ತಿಗೆಯಲ್ಲಿ ಸೆಂಟ್ರಲ್ ಲೈನ್. ಪಿಪರಾಸಿಲಿನ್-ಟಾಜೋಬ್ಯಾಕ್ಟಮ್ (ಆ್ಯಂಟಿಬಯಾಟಿಕ್) ಹನ್ನೆರಡನೇ ದಿನ, ಆದ್ರೂ ಜ್ವರ ಬಿಟ್ಟಿಲ್ಲ. ಸಿಟಿಯಲ್ಲಿ ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ಎರಡು ಗಂಟು. ನ್ಯೂಟ್ರೋಫಿಲ್ (ಸೋಂಕಿನ ಜೊತೆ ಹೋರಾಡುವ ಬಿಳಿ ರಕ್ತಕಣ) ಎಣಿಕೆ ಸರಿಯಾಗೇ ಇದೆ.

ರಿಪೋರ್ಟು ಹೀಗಿವೆ: ರಕ್ತದ ಬೀಟಾ-ಡಿ-ಗ್ಲೂಕಾನ್ (ಅನೇಕ ಫಂಗಸ್‌ಗಳ ಗೋಡೆಯ ಅಂಶ) ಎಂ.ಎಲ್.ಗೆ 186 ಪಿಕೋಗ್ರಾಂ, ಒಂದೇ ಸಲ ಮಾಡಿದ್ದು, ಹಿಂದಿನ ದಿನ ಆಲ್ಬುಮಿನ್ (ರಕ್ತದ ಪ್ರೋಟೀನ್) ಡ್ರಿಪ್ ಹೋಗಿತ್ತು. ಸೀರಂ (ರಕ್ತದ ತಿಳಿ) ಗ್ಯಾಲಕ್ಟೋಮ್ಯಾನನ್ (ಆಸ್ಪರ್ಜಿಲಸ್ ಫಂಗಸ್‌ನ ಗೋಡೆಯ ಅಂಶ) 0.6. ರಕ್ತದ ಕಲ್ಚರ್ ಒಂದು ಬಾಟಲಿ, ಐದು ದಿನ, ಏನೂ ಬೆಳೆದಿಲ್ಲ. ಟ್ಯೂಬಿನಿಂದ ಎಳೆದ ಕಫದಲ್ಲಿ ಕ್ಯಾಂಡಿಡಾ (ಯೀಸ್ಟ್ ಜಾತಿಯ ಫಂಗಸ್). ಒಬ್ಬರು ಕ್ಯಾಂಡಿಡಾ ಅಂತಾರೆ, ಇನ್ನೊಬ್ಬರು ಆಸ್ಪರ್ಜಿಲಸ್ ಅಂತಾರೆ, ಮೂರನೆಯವರು ಎರಡೂ ಅಲ್ಲ, ಕಾಯೋಣ ಅಂತಾರೆ. ಯಾವ ಅಂಕಿಯನ್ನು ನಂಬೋದು? ನಾಳೆ ಬ್ರಾಂಕೋಸ್ಕೋಪಿ (ನಳಿಕೆ ಇಳಿಸಿ ಶ್ವಾಸಕೋಶ ನೋಡಿ, ತೊಳೆದ ದ್ರವ ತೆಗೆಯೋದು) ಇದೆ, ಏನು ಕಳಿಸಬೇಕು, ಹೇಗೆ?

ಮೈಕ್ರೋ_ಮಲ್ಲೇಶ್ವರ

ಮೊದಲು ಕಫದ ಕ್ಯಾಂಡಿಡಾವನ್ನು ಪಕ್ಕಕ್ಕಿಡಿ. ವೆಂಟಿಲೇಟರ್ ಮೇಲಿರುವವರ ಗಂಟಲಲ್ಲಿ ಅದು ಮನೆ ಮಾಡಿಕೊಂಡಿರುತ್ತೆ. ಕ್ಯಾಂಡಿಡಾದಿಂದ ನ್ಯುಮೋನಿಯಾ ತೀರಾ ಅಪರೂಪ, ಅಂಗಾಂಶದಲ್ಲಿ ಕಂಡರೆ ಮಾತ್ರ ಒಪ್ಪಬೇಕು.

ಗ್ಲೂಕಾನ್ ವಿಷಯ. ಫಂಗಿಟೆಲ್ ಕಿಟ್‌ನಲ್ಲಿ 60ಕ್ಕಿಂತ ಕಡಿಮೆ ನೆಗೆಟಿವ್, 80 ಮತ್ತು ಮೇಲೆ ಪಾಸಿಟಿವ್, ನಡುವಿನದು ಅತ್ತ ಇಲ್ಲ ಇತ್ತ ಇಲ್ಲ. ಆದರೆ ಆಲ್ಬುಮಿನ್, ಇಮ್ಯುನೋಗ್ಲೋಬ್ಯುಲಿನ್, ಸೆಲ್ಯುಲೋಸ್ ಪೊರೆಯ ಡಯಲೈಸರ್, ಆಪರೇಷನ್ ಆದ ಜಾಗದಲ್ಲಿ ತುಂಬಿದ ಗಾಜ್ ಬಟ್ಟೆ, ಇವೆಲ್ಲ ಫಂಗಸ್ ಇಲ್ಲದೆಯೇ ಅಂಕಿ ಏರಿಸುತ್ತವೆ. ನಿಮ್ಮ ರೋಗಿಗೆ ಇದರಲ್ಲಿ ಎರಡಾದರೂ ಅನ್ವಯಿಸಬಹುದು. ಹಾಗಾಗಿ ಈ 186ಕ್ಕೆ ಸದ್ಯ ಬೆಲೆ ಕಟ್ಟೋಕಾಗಲ್ಲ. ಆಲ್ಬುಮಿನ್ ನಿಲ್ಲಿಸಿ ಎರಡು-ಮೂರು ದಿನ ಬಿಟ್ಟು, ಡಯಾಲಿಸಿಸ್ ಶುರುವಾಗೋ ಮುಂಚೆ ರಕ್ತ ತೆಗೆದು ಮತ್ತೆ ಕಳಿಸಿ. ಎರಡು ಸಲ ಬೆನ್ನುಬೆನ್ನಿಗೆ ಏರಿದ್ದರೆ ಆಗ ಮಾತಾಡೋಣ. ಈ ಟೆಸ್ಟಿನ ನಿಜವಾದ ಉಪಯೋಗ ನೆಗೆಟಿವ್ ಬಂದಾಗ: ಕ್ಯಾಂಡಿಡಾ ಇಲ್ಲ ಅನ್ನೋಕೆ ಧೈರ್ಯ ಬರುತ್ತೆ, ಔಷಧಿ ನಿಲ್ಲಿಸೋಕೆ ಆಧಾರ ಸಿಗುತ್ತೆ.

ಇನ್ನು ಗ್ಯಾಲಕ್ಟೋಮ್ಯಾನನ್. ಆಸ್ಪರ್ಜಿಲಸ್ ಕಾಯಿಲೆಯ 2020ರ ಅಂತರರಾಷ್ಟ್ರೀಯ ವ್ಯಾಖ್ಯೆಯಲ್ಲಿ ಕನಿಷ್ಠ ಸೀರಂ 1.0, ಅಥವಾ ಶ್ವಾಸಕೋಶ ತೊಳೆದ ದ್ರವ 1.0, ಅಥವಾ ಸೀರಂ 0.7 ಜೊತೆಗೆ ದ್ರವ 0.8 ಇರಬೇಕು. 0.6 ಅದರೊಳಗೆ ಬರಲ್ಲ. ಹಾಗಂತ ತಳ್ಳಿಹಾಕಲೂಬೇಡಿ. ನ್ಯೂಟ್ರೋಫಿಲ್ ಚೆನ್ನಾಗಿರುವವರಲ್ಲಿ ರಕ್ತಕ್ಕೆ ಬಂದ ಆಂಟಿಜೆನ್ನನ್ನು ಆ ಕಣಗಳೇ ಗುಡಿಸಿಬಿಡುತ್ತವೆ, ಕಾಯಿಲೆ ಇದ್ದೂ ಸೀರಂ ಅಂಕಿ ಕಡಿಮೆ ಇರುತ್ತೆ. ನಿಮ್ಮಂಥ ಕೇಸಿನಲ್ಲಿ ಉತ್ತರ ಸಿಗೋದು ನಾಳಿನ ದ್ರವದಲ್ಲಿ. ಪಿಪರಾಸಿಲಿನ್ ಸುಳ್ಳು ಪಾಸಿಟಿವ್ ಕೊಡುತ್ತೆ ಅನ್ನೋದು ಹೆಚ್ಚಾಗಿ ಹಳೆಯ ಲಾಟ್‌ಗಳ ಕಥೆ. ಅದಕ್ಕಿಂತ ಗ್ಲುಕೊನೇಟ್ ಇರುವ ಡ್ರಿಪ್ ಹೋಗಿದೆಯಾ ನೋಡಿ.

ಎಲ್ಲಕ್ಕಿಂತ ಮುಖ್ಯ, ಈ ಎರಡು ಟೆಸ್ಟೂ ಮ್ಯೂಕರ್ (ಬ್ಲ್ಯಾಕ್ ಫಂಗಸ್) ಹಿಡಿಯಲ್ಲ. ಸಕ್ಕರೆ ಮತ್ತು ಸ್ಟೀರಾಯ್ಡ್ ಒಟ್ಟಿಗಿದ್ದಾಗ ಏನಾಗುತ್ತೆ ಅಂತ 2021ರಲ್ಲಿ ಊರಿಗೆಲ್ಲ ಗೊತ್ತಾಗಿದೆ. ಸಿಟಿ ಮತ್ತೊಮ್ಮೆ ನೋಡಿ: ಹತ್ತಕ್ಕಿಂತ ಹೆಚ್ಚು ಗಂಟು, ಪ್ಲೂರಾದಲ್ಲಿ (ಶ್ವಾಸಕೋಶದ ಹೊದಿಕೆಯಲ್ಲಿ) ನೀರು, ನಡುವೆ ಮಸುಕು, ಸುತ್ತ ಗಟ್ಟಿ ಬಳೆಯಂಥ ನೆರಳು ಇದ್ದರೆ ಅನುಮಾನ ಬಲವಾಗುತ್ತೆ. ಇವು ಕಾಣದಿದ್ದರೂ ಮ್ಯೂಕರ್ ಇಲ್ಲ ಅನ್ನೋಕಾಗಲ್ಲ. ಕಾಯುವ ಹೊತ್ತಲ್ಲಿ ಆಸ್ಪರ್ಜಿಲಸ್‌ಗೆ ಕೊಡುವ, ಮ್ಯೂಕರ್‌ಗೆ ನಾಟದ ವೊರಿಕೊನಜೋಲ್ ಒಂದನ್ನೇ ಹಾಕಿ ಕೂತರೆ ಮ್ಯೂಕರ್‌ಗೆ ಹಾದಿ ಬಿಟ್ಟ ಹಾಗೆ.

ಪೆಟ್ರಿ_ತಟ್ಟೆ

ಲ್ಯಾಬ್ ಕಡೆಯಿಂದ ಒಂದಿಷ್ಟು. ದ್ರವ ಬಂದ ಕೂಡಲೇ ಪಾಲು ಮಾಡಿ. ಮೊದಲು ಬಂದ ಸ್ವಲ್ಪ ಭಾಗದಲ್ಲಿ ಬ್ರಾಂಕಸ್ಸಿನ ಲೋಳೆ ಜಾಸ್ತಿ, ಅದನ್ನು ಬೇರೆ ಇಡಿ. ಉಳಿದದ್ದರಲ್ಲಿ ಒಂದೆರಡು ಎಂ.ಎಲ್. ಗ್ಯಾಲಕ್ಟೋಮ್ಯಾನನ್‌ಗೆ, ಸ್ವಲ್ಪ ಪಿಸಿಆರ್‌ಗೆ, ಮಿಕ್ಕ ದೊಡ್ಡ ಪಾಲು ಸೆಂಟ್ರಿಫ್ಯೂಜ್ ಮಾಡಿ ತಳದಲ್ಲಿ ಕೂತದ್ದನ್ನು ಸ್ಲೈಡಿಗೂ ಕಲ್ಚರಿಗೂ.

ಇಲ್ಲೊಂದು ಗೊಂದಲ ಸದಾ ಆಗುತ್ತೆ. ಗ್ಯಾಲಕ್ಟೋಮ್ಯಾನನ್ ಟ್ಯೂಬು ಐಸ್ ಪ್ಯಾಕ್ ಮೇಲೆ ಹೋಗಬೇಕು, ಕಲ್ಚರ್ ಮತ್ತು ಅಂಗಾಂಶ ಐಸ್ ಮೇಲೆ ಹೋಗಬಾರದು, ಮ್ಯೂಕರ್ ಸತ್ತೇಹೋಗುತ್ತೆ. ಎರಡನ್ನೂ ಒಂದೇ ಥರ್ಮೋಕೋಲ್ ಡಬ್ಬಿಯಲ್ಲಿ ಹಾಕಿ ಬೈಕ್ ಹುಡುಗನ ಕೈಗೆ ಕೊಟ್ಟು, ಅವನು ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಸಿಕ್ಕಿಹಾಕಿಕೊಂಡರೆ ಎರಡೂ ಕೆಟ್ಟವು. ಎರಡು ಡಬ್ಬಿ ಮಾಡಿ, ಮೇಲೆ ದೊಡ್ಡದಾಗಿ ಬರೆಯಿರಿ.

ಬಯಾಪ್ಸಿ ತೆಗೆದರೆ ಎರಡು ತುಂಡು. ಒಂದು ಫಾರ್ಮಲಿನ್‌ಗೆ, ಇನ್ನೊಂದು ಸ್ಟೆರೈಲ್ ಡಬ್ಬಿಯಲ್ಲಿ ನಾಲ್ಕು ಹನಿ ಸಲೈನ್ ಜೊತೆ. ಇಡೀ ತುಂಡು ಫಾರ್ಮಲಿನ್‌ಗೆ ಬಿದ್ದರೆ ಕಲ್ಚರ್ ಅಲ್ಲಿಗೇ ಮುಗೀತು. ಫಾರ್ಮಿನಲ್ಲಿ "ಮ್ಯೂಕರ್ ಅನುಮಾನ" ಅಂತ ಬರೆದೇ ಕಳಿಸಿ. ಬರೆಯದಿದ್ದರೆ ಲ್ಯಾಬಿನವರು ಅಭ್ಯಾಸಬಲದಿಂದ ಅರೆಯುತ್ತಾರೆ. ಮ್ಯೂಕರ್‌ನ ಎಳೆಗಳಿಗೆ ಅಡ್ಡಗೋಡೆ ಇರೋದೇ ಅಪರೂಪ, ಒಂದು ಕಡೆ ಹರಿದರೆ ಒಳಗಿನದೆಲ್ಲ ಸೋರಿ ಸಾಯುತ್ತೆ. ಸ್ಲೈಡಿನಲ್ಲಿ ಫಂಗಸ್ ಕಂಡು ಕಲ್ಚರ್ ಖಾಲಿ ಬಂದರೆ ಅರ್ಧ ಕೇಸಿಗೆ ಇದೇ ಕಾರಣ ಅಂತ ನನ್ನ ಅನುಮಾನ. ಬ್ಲೇಡಿನಿಂದ ಒಂದು ಮಿ.ಮೀ. ಚೂರು ಮಾಡಿ ಸಬೋರಾಡ್ ಅಗರ್‌ಗೆ (ಫಂಗಸ್ ಬೆಳೆಸುವ ಮೀಡಿಯಾ) ಒತ್ತಿ ಕೂರಿಸಬೇಕು. ಮೀಡಿಯಾದಲ್ಲಿ ಸೈಕ್ಲೋಹೆಕ್ಸಿಮೈಡ್ ಇರಕೂಡದು, ಮ್ಯೂಕರ್ ಮತ್ತು ಆಸ್ಪರ್ಜಿಲಸ್ ಎರಡನ್ನೂ ಅದು ತಡೆಯುತ್ತೆ. ಒಂದು ಟ್ಯೂಬು 37 ಡಿಗ್ರಿಗೆ, ಒಂದು 25ಕ್ಕೆ. ಬೆಂಗಳೂರಲ್ಲಿ 25ರ ಟ್ಯೂಬನ್ನು ಬೆಂಚ್ ಮೇಲೇ ಇಡೋ ರೂಢಿ ಇದೆ, ಏಪ್ರಿಲ್‌ನಲ್ಲಿ ಮಾತ್ರ ಅದನ್ನು ನಂಬಬೇಡಿ.

ಸ್ಲೈಡಿಗೆ 10% ಕೆಓಎಚ್ (ಅಂಗಾಂಶ ಕರಗಿಸುವ ಕ್ಷಾರ) ಒಂದು ಹನಿ, ಸಿಕ್ಕರೆ ಕ್ಯಾಲ್ಕೋಫ್ಲೋರ್ (ಫಂಗಸ್ ಗೋಡೆ ಹೊಳೆಯುವಂತೆ ಮಾಡುವ ಬಣ್ಣ) ಒಂದು ಹನಿ. ಅಂಗಾಂಶ ಕರಗೋಕೆ ಹತ್ತಿಪ್ಪತ್ತು ನಿಮಿಷ ಬಿಡಿ. ಆತುರ ಪಟ್ಟರೆ ಕೋಶಗಳ ಅಂಚೇ ಎಳೆಯ ಥರ ಕಾಣುತ್ತೆ, ಬಹಳ ಹೊತ್ತು ಬಿಟ್ಟರೆ ಒಣಗಿ ಹರಳಾಗುತ್ತೆ. ಆಸ್ಪರ್ಜಿಲಸ್ ಎಳೆ 3ರಿಂದ 6 ಮೈಕ್ರಾನ್, ಉದ್ದಕ್ಕೂ ಒಂದೇ ದಪ್ಪ, ನಡುನಡುವೆ ಗೋಡೆ, ಕವೆಗೋಲಿನ ಹಾಗೆ 45 ಡಿಗ್ರಿಯಲ್ಲಿ ಕವಲು. ಮ್ಯೂಕರ್ 6ರಿಂದ 16, ಕೆಲವೊಮ್ಮೆ ಇನ್ನೂ ಅಗಲ, ದಪ್ಪ ಒಂದೇ ಸಮ ಇರಲ್ಲ, ಹಿಂಡಿ ಬಿಸಾಡಿದ ರಿಬ್ಬನ್ನಿನಂತೆ ಮಡಚಿರುತ್ತೆ, ಕವಲು ಬಹುತೇಕ ನೇರಕೋನ. ಆ ಮಡಿಕೆಯನ್ನೇ ಗೋಡೆ ಅಂದುಕೊಂಡು ಆಸ್ಪರ್ಜಿಲಸ್ ಅಂತ ಬರೆಯೋದು ಹೊಸಬರ ತಪ್ಪು. ಫೋಕಸ್ ಮೇಲೆ ಕೆಳಗೆ ಆಡಿಸಿ: ಮಡಿಕೆ ಜಾಗ ಬದಲಿಸುತ್ತೆ, ಗೋಡೆ ಅಲ್ಲೇ ನಿಲ್ಲುತ್ತೆ. ಹತ್ತಿ ಮತ್ತು ಗಾಜ್ ನಾರು ಕ್ಯಾಲ್ಕೋಫ್ಲೋರ್‌ನಲ್ಲಿ ಇನ್ನೂ ಜೋರಾಗಿ ಹೊಳೆಯುತ್ತೆ, ಬೆಳಕು ನೋಡಿ ಮರುಳಾಗಬೇಡಿ, ಆಕಾರ ನೋಡಿ. ಸ್ಲೈಡಿನ ಉತ್ತರ ಒಂದು ಗಂಟೆಯೊಳಗೆ ಫೋನಿನಲ್ಲಿ ಬರಬೇಕು, ಬರದಿದ್ದರೆ ನೀವೇ ಕೇಳಿ.

ನೈಟ್_ಡ್ಯೂಟಿ

ಒಂದು ಬಾಟಲಿ ಕಲ್ಚರ್ ನೆಗೆಟಿವ್ ಅಂದರೆ ಏನೂ ಹೇಳಿದ ಹಾಗಾಗಲಿಲ್ಲ. ಸರಿಯಾಗಿ ಮಾಡಿದರೂ ಒಳಗೆ ಹರಡಿದ ಕ್ಯಾಂಡಿಡಾದಲ್ಲಿ ರಕ್ತದ ಕಲ್ಚರ್ ಹಿಡಿಯೋದು ಸುಮಾರು ಅರ್ಧದಷ್ಟು ಮಾತ್ರ. ದೊಡ್ಡವರಿಗೆ ಒಂದು ಸಲಕ್ಕೆ ಒಟ್ಟು 40ರಿಂದ 60 ಎಂ.ಎಲ್., ಬಾಟಲಿಗೆ 10ರಂತೆ, ಬೇರೆ ಬೇರೆ ಜಾಗದಿಂದ. ಏರೋಬಿಕ್ ಜೊತೆ ಅನೇರೋಬಿಕ್ ಕೂಡ ಹಾಕಿ, ಕ್ಯಾಂಡಿಡಾ ಗ್ಲಾಬ್ರಾಟಾ ಕೆಲವೊಮ್ಮೆ ಅದರಲ್ಲೇ ಮೊದಲು ಏಳುತ್ತೆ. 3 ಎಂ.ಎಲ್. ಹಾಕಿ ಐದು ದಿನ ಕಾಯೋದು ದಿನ ತಳ್ಳೋದಷ್ಟೇ. ಫ್ಲುಕೊನಜೋಲ್ (ಫಂಗಸ್ ಔಷಧಿ) ಶುರು ಮಾಡೋ ಮುಂಚೆಯೇ ತೆಗೆಯಿರಿ.

ಯೀಸ್ಟ್ ಬಂದು ಮೆಷಿನ್ "ಹೀಮುಲೋನಿ" ಅಂತ ಕೊಟ್ಟರೆ ಕ್ಯಾಂಡಿಡಾ ಆರಿಸ್ (ಔಷಧಿಗೆ ಸುಲಭಕ್ಕೆ ಬಗ್ಗದ, ಆಸ್ಪತ್ರೆಯಲ್ಲಿ ಹರಡುವ ಯೀಸ್ಟ್) ಅಂತಲೇ ಹಿಡಿದು ರೋಗಿಯನ್ನು ಪ್ರತ್ಯೇಕಿಸಿ, ಆಮೇಲೆ ಮಾಲ್ಡಿ-ಟಾಫ್‌ನಲ್ಲಿ (ಪ್ರೋಟೀನ್ ನೋಡಿ ಜಾತಿ ಗುರುತಿಸುವ ಯಂತ್ರ) ಖಚಿತ ಮಾಡಿಸಿ. 42 ಡಿಗ್ರಿಯಲ್ಲಿ ಬೆಳೆಯಿತು, ಜರ್ಮ್ ಟ್ಯೂಬ್ (ಯೀಸ್ಟ್‌ನಿಂದ ಹೊರಡುವ ಮೊಳಕೆ) ಬರಲಿಲ್ಲ ಅಂದರೆ ಅನುಮಾನ ಇನ್ನೂ ಗಟ್ಟಿ.

ಐಸಿಯು_ಜೂನಿಯರ್

ತುಂಬಾ ಉಪಕಾರ. ಆ 0.6 ಬಂದ ಸೀರಂ ಫ್ರಿಜ್‌ನಲ್ಲಿದೆ. ಅದನ್ನೇ ಮತ್ತೆ ಓಡಿಸಬಹುದಾ?

ಪೆಟ್ರಿ_ತಟ್ಟೆ

ಓಡಿಸಬಹುದು, ಆದರೆ ಗಡಿಯ ಹತ್ತಿರದ ಅಂಕಿ ಎರಡನೇ ಸಲ ಅತ್ತ ಇತ್ತ ಆಗೋದು ಮಾಮೂಲು. ಹೊಸ ರಕ್ತವೇ ಮೇಲು. ಓಡಿಸುವವರು ಎರಡು ವಿಷಯ ನೋಡಿಕೊಳ್ಳಲಿ. 300 ಮೈಕ್ರೋಲೀಟರ್ ಸೀರಂಗೆ 100 ಟ್ರೀಟ್‌ಮೆಂಟ್ ದ್ರಾವಣ ಹಾಕಿ 120 ಡಿಗ್ರಿ ಬ್ಲಾಕ್‌ನಲ್ಲಿ ಆರು ನಿಮಿಷ ಇಡುವಾಗ ಮುಚ್ಚಳಕ್ಕೆ ಕ್ಲಿಪ್ ಇರಬೇಕು. ಹಾರಿ ತೆರೆದರೆ ಆ ಟ್ಯೂಬು ಬಿಸಾಕಿ ಹೊಸದಾಗಿ ಮಾಡಬೇಕು. ಆಮೇಲೆ 10,000 ಜಿ, ಹತ್ತು ನಿಮಿಷ, ಮೇಲಿನ ತಿಳಿ 50 ಮೈಕ್ರೋಲೀಟರ್ ಮಾತ್ರ. ಕೆಳಗಿನ ಗಸಿ ಪಿಪೆಟ್‌ಗೆ ಬರಬಾರದು. ಇನ್ನೊಂದು, ಕಿಟಕಿ ಹತ್ತಿರ ಮುಚ್ಚಳ ತೆಗೆಯಬಾರದು. ಪಕ್ಕದಲ್ಲಿ ಮೆಟ್ರೋ ಕೆಲಸವೋ ಕಟ್ಟಡ ಒಡೆಯೋದೋ ನಡೀತಿದ್ದರೆ ಧೂಳಿನ ಜೊತೆ ಆಸ್ಪರ್ಜಿಲಸ್ ಬೀಜಾಣುಗಳೂ ಬರುತ್ತವೆ. ನೆಗೆಟಿವ್ ಕಂಟ್ರೋಲ್ ಏರಿದ್ದರೆ ಆ ಪ್ಲೇಟಿನ ಯಾವ ಅಂಕಿಯನ್ನೂ ವಾರ್ಡಿಗೆ ಕಳಿಸಬೇಡಿ.

ಮೈಕ್ರೋ_ಮಲ್ಲೇಶ್ವರ

ನಾಳೆ ದ್ರವ ಕಳಿಸೋ ಮುಂಚೆ ಲ್ಯಾಬಿಗೆ ಫೋನ್ ಮಾಡಿ ಗ್ಯಾಲಕ್ಟೋಮ್ಯಾನನ್ ಪ್ಲೇಟ್ ಯಾವ ದಿನ ಓಡುತ್ತೆ ಕೇಳಿಕೊಳ್ಳಿ. ಸ್ಯಾಂಪಲ್ ಸೇರೋ ತನಕ ವಾರಕ್ಕೆ ಎರಡೇ ಸಲ ಓಡಿಸೋ ಕಡೆಗಳಿವೆ, ಶುಕ್ರವಾರ ಕೊಟ್ಟದ್ದಕ್ಕೆ ಮಂಗಳವಾರ ಉತ್ತರ. ಹಾಗಿದ್ದರೆ ಸುಮಾರು ಒಂದು ಗಂಟೆಯಲ್ಲಿ ಮುಗಿಯುವ ಲ್ಯಾಟರಲ್ ಫ್ಲೋ ಸ್ಟ್ರಿಪ್ (ಪ್ರೆಗ್ನೆನ್ಸಿ ಕಿಟ್ ಥರದ ಪಟ್ಟಿ) ಎಲ್ಲಿದೆ ಅಂತ ಇವತ್ತೇ ಹುಡುಕಿಡಿ.