ಪೋಪ್ ಹೇಳಿದ್ದೆಲ್ಲ ಒಂದೇ ತೂಕದ ಬೋಧನೆಯೇ? ಮತದಾನ, ವಲಸೆ, ಮರಣದಂಡನೆ ಕುರಿತ ಗೊಂದಲ

ಜಪಸರ (ಪ್ರಶ್ನೆ)

ಎಲ್ಲರಿಗೂ ವಂದನೆ. ಯುವಜನರಿಗೆ ಧರ್ಮೋಪದೇಶ ಕಲಿಸುವವರಿಗೆ ಈಗ ಎದುರಾಗುವ ಪ್ರಶ್ನೆಗಳನ್ನೇ ಇಲ್ಲಿ ಇಡುತ್ತಿದ್ದೇನೆ. ಚುನಾವಣೆ ಬಂದರೆ, ಯುದ್ಧ ಶುರುವಾದರೆ, ವಲಸೆಗಾರರ ವಿಷಯ ಎದ್ದರೆ ಸಾಕು, ಮೊಬೈಲಿಗೆ ತುಣುಕು ವಿಡಿಯೊಗಳು ಬಂದು ಬೀಳುತ್ತವೆ. ಒಂದರಲ್ಲಿ "ಪೋಪ್ ಹೀಗೆಂದಿದ್ದಾರೆ, ಒಪ್ಪದವನು ಕಥೋಲಿಕನೇ ಅಲ್ಲ" ಎಂದಿರುತ್ತದೆ. ಇನ್ನೊಂದರಲ್ಲಿ "ಅದು ಬರೀ ಅವರ ಅಭಿಪ್ರಾಯ, ಪರಂಪರೆಗೆ ವಿರುದ್ಧ, ಬಿಟ್ಟುಬಿಡಿ" ಎಂದಿರುತ್ತದೆ.

ಯಾವ ಬೋಧನೆಗೆ ಎಷ್ಟು ತೂಕ ಎಂದು ಸಾಮಾನ್ಯ ಭಕ್ತರು ತಿಳಿಯುವುದು ಹೇಗೆ? ಯಾವ ಪಕ್ಷವೂ ಧರ್ಮಸಭೆಯ ಬೋಧನೆಗೆ ಪೂರ್ತಿ ಹೊಂದದಿದ್ದಾಗ ಮತ ಹಾಕುವುದು ಪಾಪವೇ? ಮರಣದಂಡನೆಯ ಬಗ್ಗೆ 2018ರಲ್ಲಿ, ಧರ್ಮಸಭೆಯ ಬೋಧನೆಯ ಅಧಿಕೃತ ಸಂಗ್ರಹವಾದ ಧರ್ಮೋಪದೇಶ ಗ್ರಂಥವನ್ನೇ ತಿದ್ದಿದರಲ್ಲ, ಹಾಗಾದರೆ ಉಳಿದದ್ದೂ ಬದಲಾದೀತೇ ಎಂದು ಕೇಳುವವರಿಗೆ ಏನು ಹೇಳಬೇಕು? ದಾಖಲೆಯ ಹೆಸರು, ಸಂಖ್ಯೆ ಸಮೇತ ತಿಳಿಸಿದರೆ ಉಪಕಾರ.

ಕ್ಯಾನನ್ ಓದುಗ

ಜಪಸರ ಅವರೇ, ಆ ಎರಡೂ ವಿಡಿಯೊಗಳು ಎಡವುವುದು ಒಂದೇ ಕಡೆ. ತಪ್ಪಲಾರದ (ಎಂದರೆ ದೋಷಕ್ಕೆ ಎಡೆಯೇ ಇಲ್ಲದ) ಘೋಷಣೆ ಒಂದು, ಖಾಸಗಿ ಮಾತು ಇನ್ನೊಂದು, ನಡುವೆ ಏನೂ ಇಲ್ಲ ಎಂದುಕೊಂಡಿವೆ. ನಿಜವಾಗಿ ಬಹುಪಾಲು ಬೋಧನೆ ಇರುವುದೇ ಆ ನಡುವಿನಲ್ಲಿ.

1989ರ ವಿಶ್ವಾಸ ಪ್ರಮಾಣದ ಪಠ್ಯ ನೋಡಿ. ಧರ್ಮಕೇಂದ್ರದ ಗುರುಗಳು, ಗುರುಮಠದಲ್ಲಿ ದೈವಶಾಸ್ತ್ರ ಕಲಿಸುವವರು ಅಧಿಕಾರ ವಹಿಸಿಕೊಳ್ಳುವಾಗ ಹೇಳುವುದು ಇದನ್ನೇ. ವಿಶ್ವಾಸ ಸಂಗ್ರಹದ ನಂತರ ಅದರಲ್ಲಿ ಮೂರು ಪ್ಯಾರಾಗಳಿವೆ. ಮೊದಲನೆಯದು ದೇವರು ಪ್ರಕಟಿಸಿದ ಸತ್ಯಗಳದ್ದು: ಕ್ರಿಸ್ತರ ದೈವತ್ವ, ಪುನರುತ್ಥಾನ, ಪರಮಪ್ರಸಾದದಲ್ಲಿ ಅವರ ನಿಜ ಸಾನ್ನಿಧ್ಯ. ನಿರಪರಾಧಿಯನ್ನು ಬೇಕೆಂದೇ ನೇರವಾಗಿ ಕೊಲ್ಲುವುದು ಘೋರ ಪಾಪ ಎಂಬುದನ್ನೂ 1998ರ ಅಧಿಕೃತ ವಿವರಣೆ ಇಲ್ಲೇ ಇಡುತ್ತದೆ. ಎರಡನೆಯದು, ಪ್ರಕಟಿತ ಸತ್ಯಕ್ಕೆ ಬೇರ್ಪಡಿಸಲಾಗದಂತೆ ಹೆಣೆದುಕೊಂಡ, ಕೊನೆಯ ಮಾತಾಗಿ ಕಲಿಸಿದ ಬೋಧನೆ. ಗುರುದೀಕ್ಷೆ ಪುರುಷರಿಗೆ ಮಾತ್ರ ಎಂಬ 1994ರ ಪತ್ರ, ದಯಾಮರಣ ಪಾಪ ಎಂಬ ಬೋಧನೆ ಇಲ್ಲಿಗೆ ಸೇರುತ್ತವೆ. ಮೂರನೆಯದು, ಪೋಪರೂ ಧರ್ಮಾಧ್ಯಕ್ಷರ ಮಂಡಲಿಯೂ ಅಧಿಕೃತವಾಗಿ ಕಲಿಸಿದರೂ ಕೊನೆಯ ನಿರ್ಣಯವಾಗಿ ಘೋಷಿಸದ ಬೋಧನೆ. ಇದಕ್ಕೆ ಬುದ್ಧಿ ಮತ್ತು ಮನಸ್ಸಿನ ಧಾರ್ಮಿಕ ವಿಧೇಯತೆ ಸಲ್ಲಬೇಕು (ಕ್ಯಾನನ್ 752; ಕ್ಯಾನನ್ ಎಂದರೆ ಧರ್ಮಸಭೆಯ ಕಾನೂನಿನ ವಿಧಿ). "ತಪ್ಪಲಾರದ್ದಲ್ಲ, ಆದ್ದರಿಂದ ನನಗೆ ಸಂಬಂಧವಿಲ್ಲ" ಎನ್ನುವ ವಾದ ಬಿದ್ದುಹೋಗುವುದು ಇಲ್ಲೇ.

ಒಂದು ಮಾತು ಇದರಲ್ಲಿ ಎಲ್ಲಿ ನಿಲ್ಲುತ್ತದೆಂದು ತಿಳಿಯಲು ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲೇ ಮೂರು ಗುರುತು ಕೊಟ್ಟಿದೆ (ಲುಮೆನ್ ಜೆಂಟಿಯುಮ್, 25): ದಾಖಲೆ ಯಾವ ಬಗೆಯದು, ಅದೇ ಬೋಧನೆ ಎಷ್ಟು ಸಲ ಮರಳಿ ಬಂದಿದೆ, ಹೇಳಿದ ರೀತಿ ಎಂಥದು. 1870ರಲ್ಲಿ ಮೊದಲ ವ್ಯಾಟಿಕನ್ ಮಹಾಸಭೆ ಪೋಪರ ತಪ್ಪಲಾರದ ಅಧಿಕಾರವನ್ನು ನಿರೂಪಿಸಿದ ಮೇಲೆ ಅದನ್ನು ಪೂರ್ಣ ವಿಧಿಯಿಂದ ಬಳಸಿದ್ದು 1950ರ ನವೆಂಬರ್ 1ರಂದು, ಮಾತೆ ಮರಿಯಳ ಸ್ವರ್ಗಾರೋಹಣದ ಘೋಷಣೆಯಲ್ಲಿ. ಅಲ್ಲಿ "ಸಾರುತ್ತೇವೆ, ಘೋಷಿಸುತ್ತೇವೆ, ನಿರ್ಣಯಿಸುತ್ತೇವೆ" ಎಂದು ಮುಚ್ಚುಮರೆಯಿಲ್ಲದೆ ಇದೆ. ಹಾಗೆ ಸ್ಪಷ್ಟವಾಗದ ಹೊರತು ಯಾವುದನ್ನೂ ತಪ್ಪಲಾರದ ನಿರ್ಣಯವೆಂದು ಎಣಿಸಬಾರದು ಎನ್ನುತ್ತದೆ ಕ್ಯಾನನ್ 749ರ ಮೂರನೇ ಉಪವಿಧಿ. ಆದರೆ ಕೃತಕ ಗರ್ಭನಿರೋಧದ ವಿಷಯ ತೆಗೆದುಕೊಳ್ಳಿ. ಅಂಥ ವಿಧಿಯ ಘೋಷಣೆ ಇಲ್ಲ, ಆದರೂ ಪೋಪರ ದಾಖಲೆಗಳಾದ 1930ರ ಕಾಸ್ತಿ ಕೊನ್ನುಬಿಯಿ, 1968ರ ಹುಮಾನೆ ವಿತೆ, 1981ರ ಫಮಿಲಿಯಾರಿಸ್ ಕೊನ್ಸೋರ್ತಿಯೊ, ಧರ್ಮೋಪದೇಶ ಗ್ರಂಥದ 2370, ಎಲ್ಲದರಲ್ಲೂ ಅದೇ ಬೋಧನೆ. ಇಷ್ಟು ಸಲ ಮರಳಿ ಬಂದದ್ದನ್ನು ಅಭಿಪ್ರಾಯ ಎಂದು ತಳ್ಳಲಾಗದು. ವಿಮಾನದಲ್ಲಿ ಪತ್ರಕರ್ತರಿಗೆ ಕೊಟ್ಟ ಉತ್ತರಕ್ಕೆ ಆ ತೂಕವಿಲ್ಲ. ಗೌರವದಿಂದ ಕೇಳಬೇಕು, ಅಷ್ಟೇ.

ವಿಡಿಯೊ ಬಂದಾಗ ಮಾಡಬೇಕಾದ್ದು: ದಾಖಲೆಯ ಹೆಸರು ಮತ್ತು ಪರಿಚ್ಛೇದ ಸಂಖ್ಯೆ ಕೇಳಿ. ಅದಿಲ್ಲದಿದ್ದರೆ ಚರ್ಚೆಗೆ ಇಳಿಯಬೇಡಿ. ಇದ್ದರೆ ವ್ಯಾಟಿಕನ್ ಜಾಲತಾಣದಲ್ಲಿ ಮೂಲ ತೆರೆದು, ಆ ಪರಿಚ್ಛೇದದ ಹಿಂದಿನ ಎರಡು, ಮುಂದಿನ ಎರಡನ್ನೂ ಓದಿ. ಆಮೇಲೆ ಅಡಿಟಿಪ್ಪಣಿ ನೋಡಿ. ಮಹಾಸಭೆಗಳನ್ನೂ ಹಿಂದಿನ ಪೋಪರನ್ನೂ ಉಲ್ಲೇಖಿಸಿದ್ದರೆ ಬೋಧನೆಗೆ ಹಳೆಯ ಬೇರಿದೆ. ಬಹುಪಾಲು ಜನ ಅಡಿಟಿಪ್ಪಣಿ ನೋಡುವುದೇ ಇಲ್ಲ, ಅರ್ಧ ಗೊಂದಲ ಹುಟ್ಟುವುದು ಅದರಿಂದಲೇ.

ದುಡಿಮೆ ಮತ್ತು ನ್ಯಾಯ

ಮೇಲಿನ ಉತ್ತರ ಸರಿಯಾಗಿದೆ. ನಾನು ಮತದಾನಕ್ಕೆ ಬರುತ್ತೇನೆ.

ಮೊದಲು ತತ್ವವನ್ನೂ ಅದರ ಅನ್ವಯವನ್ನೂ ಬೇರೆ ಮಾಡಬೇಕು. ಪೋಪ್ ಹದಿಮೂರನೇ ಲಿಯೊ 1891ರ ಮೇ 15ರ ರೇರುಮ್ ನೊವಾರುಮ್ ವಿಶ್ವಪತ್ರದಲ್ಲಿ ಖಾಸಗಿ ಆಸ್ತಿಯ ಹಕ್ಕನ್ನು ಎತ್ತಿಹಿಡಿದರು, ಅದರಲ್ಲೇ ಕಾರ್ಮಿಕರ ಸಂಘಗಳನ್ನೂ ಬಾಳಿಗೆ ಸಾಕಾಗುವ ನ್ಯಾಯವಾದ ಕೂಲಿಯನ್ನೂ ಎತ್ತಿಹಿಡಿದರು. ನ್ಯಾಯವಾದ ಕೂಲಿ ಕೊಡಬೇಕು ಎಂಬುದು ತತ್ವ, ಅದರಲ್ಲಿ ಆಯ್ಕೆಯಿಲ್ಲ. ಕನಿಷ್ಠ ಕೂಲಿ ಎಷ್ಟಿರಬೇಕು, ಯಾವ ತೆರಿಗೆಯಿಂದ ಯಾರಿಗೆ ನೆರವು ಕೊಡಬೇಕು ಎಂಬುದು ವಿವೇಕದ ತೀರ್ಮಾನ. ಅಲ್ಲಿ ಒಳ್ಳೆಯ ಕಥೋಲಿಕರೇ ಎದುರುಬದುರು ನಿಲ್ಲಬಹುದು.

ವಲಸೆಯ ವಿಷಯದಲ್ಲಿ ಧರ್ಮೋಪದೇಶ ಗ್ರಂಥದ 2241ನ್ನು ಪೂರ್ತಿ ಓದಿಸಿ. ಅನುಕೂಲವಿರುವ ದೇಶಗಳು ತಮ್ಮ ಶಕ್ತಿ ಇದ್ದಷ್ಟು ಪರದೇಶಿಯನ್ನು ಬರಮಾಡಿಕೊಳ್ಳಲು ಬಾಧ್ಯವಾಗಿವೆ. ಸರ್ವಹಿತಕ್ಕಾಗಿ ಸರ್ಕಾರ ಷರತ್ತು ಹಾಕಬಹುದು. ಬಂದವರು ಆ ನಾಡಿನ ಕಾನೂನು ಪಾಲಿಸಬೇಕು. ಮೂರೂ ಒಂದೇ ಪರಿಚ್ಛೇದದಲ್ಲಿವೆ. ಒಂದು ಪಕ್ಷ ಮೊದಲ ಸಾಲನ್ನು ಕತ್ತರಿಸಿ ಹಂಚುತ್ತದೆ, ಇನ್ನೊಂದು ಎರಡನೆಯದನ್ನು. ಯುದ್ಧಕ್ಕೂ ಹಾಗೆಯೇ: 2309ರಲ್ಲಿ ನಾಲ್ಕು ಷರತ್ತುಗಳಿವೆ, ನಾಲ್ಕೂ ಒಟ್ಟಿಗೆ ಪೂರೈಸಬೇಕು. ಆಕ್ರಮಣಕಾರ ಮಾಡುವ ಹಾನಿ ದೀರ್ಘಕಾಲದ್ದು, ಘೋರ, ಖಚಿತ ಆಗಿರಬೇಕು. ಬೇರೆ ದಾರಿಗಳೆಲ್ಲ ವಿಫಲವಾಗಿರಬೇಕು. ಗೆಲ್ಲುವ ಗಂಭೀರ ಸಾಧ್ಯತೆ ಇರಬೇಕು. ಆಯುಧಗಳಿಂದಾಗುವ ಕೇಡು ತೊಲಗಿಸಬೇಕಾದ ಕೇಡಿಗಿಂತ ಹೆಚ್ಚಾಗಬಾರದು. ಚರ್ಚೆಗಳಲ್ಲಿ ಮೊದಲನೆಯದೊಂದನ್ನೇ ಹಿಡಿದು ಉಳಿದ ಮೂರನ್ನು ಮರೆಯುವುದೇ ಹೆಚ್ಚು.

ಎಲ್ಲ ವಿಷಯಕ್ಕೂ ಒಂದೇ ತೂಕವಿಲ್ಲ. ಭ್ರೂಣಹತ್ಯೆಯೂ ದಯಾಮರಣವೂ ನಿರಪರಾಧಿಯ ಕೊಲೆಯಾದ್ದರಿಂದ ಅಲ್ಲಿ ಅನ್ವಯದ ಪ್ರಶ್ನೆಗೆ ಜಾಗವಿಲ್ಲ. ಅಂಥ ಕಾನೂನನ್ನು ಬೆಂಬಲಿಸುವ ಅಭ್ಯರ್ಥಿಗೆ ಮತ ಹಾಕುವ ಬಗ್ಗೆ ಮುಂದೆ ಪೋಪರಾದ ಕಾರ್ಡಿನಲ್ ರಾಟ್ಜಿಂಗರ್ 2004ರಲ್ಲಿ ಹೀಗೆ ಬಿಡಿಸಿ ಹೇಳಿದರು: ಆ ನಿಲುವಿಗಾಗಿಯೇ ಮತ ಹಾಕಿದರೆ ಕೇಡಿನಲ್ಲಿ ಮನಸಾರೆ ಪಾಲುಗೊಂಡಂತೆ, ಅದು ಪಾಪ. ಆ ನಿಲುವನ್ನು ಒಪ್ಪದೆ, ಬೇರೆ ಕಾರಣಕ್ಕೆ ಹಾಕಿದರೆ ಅದು ದೂರದ ಪಾಲುಗಾರಿಕೆ, ಅದಕ್ಕೆ ಸರಿತೂಗುವ ಕಾರಣವಿದ್ದರೆ ಮಾತ್ರ ಅನುಮತಿ. ಜನ ಜಾರುವುದು ಈ "ಸರಿತೂಗುವ" ಎಂಬಲ್ಲಿ. ತೆರಿಗೆ ಕಡಿಮೆಯಾಗುತ್ತದೆ ಎಂಬುದು ಜೀವದ ಎದುರು ತೂಗುವ ಕಾರಣವಲ್ಲ. ಎದುರಾಳಿಯೂ ಅದೇ ಕಾನೂನನ್ನು ಬೆಂಬಲಿಸುತ್ತಿದ್ದರೆ, ಕಡಿಮೆ ಹಾನಿ ಯಾರಿಂದ ಎಂದು ನೋಡುವುದು ನ್ಯಾಯವಾದ ಕಾರಣ. ಶಾಸಕರಿಗೂ 1995ರ ಎವಾಂಜೆಲಿಯುಮ್ ವಿತೆ ವಿಶ್ವಪತ್ರದ 73ನೇ ಪರಿಚ್ಛೇದ ಇದನ್ನೇ ಹೇಳುತ್ತದೆ: ಕೆಟ್ಟ ಕಾನೂನನ್ನು ಪೂರ್ತಿ ತೆಗೆಯಲಾಗದಿದ್ದಾಗ, ತನ್ನ ವಿರೋಧ ಎಲ್ಲರಿಗೂ ತಿಳಿದಿದ್ದರೆ, ಅದರ ಹಾನಿ ತಗ್ಗಿಸುವ ಮಸೂದೆಗೆ ಮತ ಹಾಕಬಹುದು.

ಧರ್ಮಸಭೆ ಒಂದು ಪಕ್ಷದ ಬಾಲ ಎಂದು ಯಾರಾದರೂ ಅಂದರೆ 1937ರ ಮಾರ್ಚ್ ತೋರಿಸಿ. ಹನ್ನೊಂದನೇ ಪಯಸ್ 14ನೇ ತಾರೀಖು ನಾಜಿ ಆಡಳಿತದ ವಿರುದ್ಧ ಜರ್ಮನ್ ಭಾಷೆಯಲ್ಲೇ ವಿಶ್ವಪತ್ರ ಬರೆದರು. ಅದನ್ನು ಗುಟ್ಟಾಗಿ ದೇಶದೊಳಗೆ ಸಾಗಿಸಿ 21ರ ಗರಿಗಳ ಭಾನುವಾರ ಅಲ್ಲಿನ ದೇವಾಲಯಗಳಲ್ಲಿ ಓದಲಾಯಿತು. ನಡುವೆ 19ನೇ ತಾರೀಖು ನಾಸ್ತಿಕ ಕಮ್ಯೂನಿಸಮ್ಮಿನ ವಿರುದ್ಧ ಇನ್ನೊಂದು ಬಂತು.

ಹಳೆಯ ಪೂಜಾಕ್ರಮ

ಮರಣದಂಡನೆಯ ಪ್ರಶ್ನೆಯನ್ನು ನುಣುಚಿಕೊಳ್ಳದೆ ಉತ್ತರಿಸಬೇಕು. ಪರಂಪರೆಯನ್ನು ಪ್ರೀತಿಸುವವರಿಗೆ ಅದು ನಿಜವಾಗಿ ನೋಯುವ ಜಾಗ.

1566ರ ರೋಮನ್ ಧರ್ಮೋಪದೇಶ ಗ್ರಂಥ ಮರಣದಂಡನೆ ವಿಧಿಸುವ ಅಧಿಕಾರ ರಾಜ್ಯಕ್ಕಿದೆ ಎಂದಿತ್ತು. 1995ರಲ್ಲಿ ಪೋಪ್ ಎರಡನೇ ಜಾನ್ ಪೌಲ್ ಅದು ಬೇಕೇ ಆಗುವ ಸಂದರ್ಭ ತೀರಾ ವಿರಳ, ಇಲ್ಲವೆಂದೇ ಹೇಳಬಹುದು ಎಂದರು, ಆ ಮಾತು 1997ರ ಪಠ್ಯಕ್ಕೆ ಸೇರಿತು. 2018ರ ಆಗಸ್ಟ್‌ನಲ್ಲಿ 2267ನೇ ಪರಿಚ್ಛೇದ "ಸ್ವೀಕಾರಾರ್ಹವಲ್ಲ" ಎಂದಾಯಿತು. ಮನುಷ್ಯನ ಘನತೆಯ ಅರಿವು, ಶಿಕ್ಷೆಯ ಉದ್ದೇಶದ ಹೊಸ ತಿಳಿವು, ಸಮಾಜವನ್ನು ಕಾಯಬಲ್ಲ ಸೆರೆವಾಸದ ವ್ಯವಸ್ಥೆ, ಇವು ಅಲ್ಲಿ ಕೊಟ್ಟ ಕಾರಣಗಳು. "ತನ್ನಿಂದ ತಾನೇ ಕೆಟ್ಟದ್ದು" ಎಂಬ ಮಾತನ್ನು ಪಠ್ಯ ಬಳಸಿಲ್ಲ. ಜೊತೆಗಿನ ಪತ್ರ ಇದನ್ನು ಬೋಧನೆಯ ಬೆಳವಣಿಗೆ ಎಂದಿದೆ. ಎಷ್ಟು ಬೆಳವಣಿಗೆ ಎಂದು ದೈವಶಾಸ್ತ್ರಜ್ಞರಲ್ಲಿ ವಾದ ನಿಂತಿಲ್ಲ.

ಇದರಿಂದ ಭ್ರೂಣಹತ್ಯೆಯ ಬೋಧನೆಯೂ ಬದಲಾಗಬಹುದು ಎನ್ನುವುದು ಸಲ್ಲದ ತರ್ಕ. ಒಂದು, ಅಪರಾಧಿಯ ಮೇಲೆ ರಾಜ್ಯಕ್ಕಿರುವ ಅಧಿಕಾರದ ವಿಷಯ. ಇನ್ನೊಂದು, ನಿರಪರಾಧಿಯನ್ನು ಯಾರೂ ಎಂದೂ ಕೊಲ್ಲಬಾರದೆಂಬ ನಿಷೇಧ. ಮೇಲೆ ಹೇಳಿದ ಮೂರು ಪ್ಯಾರಾಗಳಲ್ಲಿ ಎರಡೂ ಒಂದೇ ಕಡೆ ನಿಲ್ಲುವುದಿಲ್ಲ.

ತೊಡಕಿದ್ದವರಿಗೆ ದಾರಿಯೂ ಇದೆ. ತಿಳಿವು, ಅರ್ಹತೆ ಇದ್ದವರು ಗುರುಹಿರಿಯರಿಗೆ ತಮ್ಮ ಅಭಿಪ್ರಾಯ ತಿಳಿಸುವುದು ಹಕ್ಕು, ಕೆಲವೊಮ್ಮೆ ಕರ್ತವ್ಯ ಎನ್ನುತ್ತದೆ ಕ್ಯಾನನ್ 212. ಅದರ ಷರತ್ತು ಗೌರವ. ದೈವಶಾಸ್ತ್ರಜ್ಞರಿಗಾಗಿ ವ್ಯಾಟಿಕನ್ ಹೊರಡಿಸಿದ 1990ರ ದೋನುಮ್ ವೆರಿತಾತಿಸ್ ಇನ್ನೂ ಸ್ಪಷ್ಟ: ತೊಡಕನ್ನು ಅಧಿಕಾರಿಗಳ ಮುಂದಿಡಿ, ಮಾಧ್ಯಮಗಳ ಮೂಲಕ ಒತ್ತಡ ತರಬೇಡಿ. ಯೂಟ್ಯೂಬಿನಲ್ಲಿ ಪೋಪರನ್ನು ಬೈಯುವುದು ಪರಂಪರೆಯೂ ಅಲ್ಲ, ಧೈರ್ಯವೂ ಅಲ್ಲ.

ಲ್ಯಾಟಿನ್ ಬಲಿಪೂಜೆಯ ಬಗ್ಗೆಯೂ ಯುವಜನ ಕೇಳುತ್ತಾರೆ. 2021ರ ಜುಲೈ 16ರಿಂದ ಅದರ 1962ರ ಪೂಜಾಗ್ರಂಥ ಬಳಸಲು ಧರ್ಮಾಧ್ಯಕ್ಷರ ಅನುಮತಿ ಬೇಕು. ಭಾನುವಾರ ಬಲಿಪೂಜೆಗೆ ಹೋಗಬೇಕೆಂಬ ಕಟ್ಟಳೆ ಯಾವುದೇ ಕಥೋಲಿಕ ವಿಧಿಯ ಬಲಿಪೂಜೆಯಿಂದ, ಅದೇ ದಿನ ಇಲ್ಲವೇ ಹಿಂದಿನ ಸಂಜೆ, ನೆರವೇರುತ್ತದೆ (ಕ್ಯಾನನ್ 1248). ಹಳೆಯ ವಿಧಿ ಹತ್ತಿರದಲ್ಲಿ ಇಲ್ಲವೆಂದು ಮನೆಯಲ್ಲಿ ಉಳಿಯುವುದು ಸರಿಯಲ್ಲ.

ಜಪಸರ

ತುಂಬಾ ಉಪಕಾರವಾಯಿತು. ಇನ್ನೊಂದೇ ಪ್ರಶ್ನೆ. ಇದೆಲ್ಲ ತಿಳಿಯದೆ ಹಿಂದೆ ಮತ ಹಾಕಿದವರು ಪಾಪನಿವೇದನೆಯಲ್ಲಿ ಹೇಳಬೇಕೇ?

ಕ್ಯಾನನ್ ಓದುಗ

ಮಾರಕ ಪಾಪಕ್ಕೆ ಮೂರೂ ಬೇಕು: ಗಂಭೀರ ವಿಷಯ, ಪೂರ್ಣ ಅರಿವು, ಮನಸ್ಸಿನ ಪೂರ್ಣ ಒಪ್ಪಿಗೆ (ಧರ್ಮೋಪದೇಶ ಗ್ರಂಥ, ಪರಿಚ್ಛೇದ 1857; ಮುಂದಿನ ಸಂಖ್ಯೆಗಳೂ ಅದರವೇ). ನಿಜವಾಗಿ ಅರಿವೇ ಇರದಿದ್ದರೆ ಅದು ಮಾರಕ ಪಾಪವಲ್ಲ. ತಿಳಿದುಕೊಳ್ಳಲು ಅವಕಾಶವಿದ್ದೂ ಬೇಕೆಂದೇ ಅಸಡ್ಡೆ ಮಾಡಿದ್ದರೆ ಆ ಅಸಡ್ಡೆಯನ್ನು ನಿವೇದಿಸಬೇಕು (1791). ಸಂಶಯವಿದ್ದರೆ ಇದ್ದದ್ದನ್ನು ಇದ್ದಂತೆ, ಪಕ್ಷದ ಹೆಸರೂ ವಾದವೂ ಇಲ್ಲದೆ, ಒಂದೆರಡು ವಾಕ್ಯದಲ್ಲಿ ಗುರುಗಳ ಮುಂದೆ ಹೇಳಲಿ.

ಆತ್ಮಪರೀಕ್ಷೆಯಲ್ಲಿ ಜನ ಬಿಟ್ಟುಬಿಡುವುದು ಬೇರೆಯೇ: ಎದುರು ಪಕ್ಷದವರ ಬಗ್ಗೆ ಪರೀಕ್ಷಿಸದೆ ಹಂಚಿದ ಆರೋಪ. ಸಾಕಷ್ಟು ಆಧಾರವಿಲ್ಲದೆ ನೆರೆಯವನ ತಪ್ಪನ್ನು ನಂಬುವುದೂ, ಸುಳ್ಳು ಹೇಳಿ ಅವನ ಹೆಸರು ಕೆಡಿಸುವುದೂ ಪಾಪ (2477). ಅದಕ್ಕೆ ನಿವೇದನೆಯೊಂದೇ ಸಾಲದು, ಪರಿಹಾರವನ್ನೂ ಮಾಡಬೇಕು (2487). ಎಂದರೆ ಸುಳ್ಳನ್ನು ಯಾವ ಗುಂಪಿಗೆ ಕಳಿಸಿದ್ದರೋ ಅದೇ ಗುಂಪಿಗೆ "ಇದು ಸುಳ್ಳೆಂದು ತಿಳಿದುಬಂತು" ಎಂದು ಬರೆದು ಹಾಕಬೇಕು. ಸದ್ದಿಲ್ಲದೆ ಅಳಿಸಿದರೆ ಆಗಲೇ ಓದಿದವರಿಗೆ ಅದು ಮುಟ್ಟುವುದಿಲ್ಲ.